ಕೊರೊಗೋದಲ್ಲಿ ಅತ್ತೆ

ಕೊರೊಗೋ, ಐವರಿ ಕೋಸ್ಟ್
ಭಾನುವಾರ

ಪ್ರೀತಿಯ ಭವ್ಯಶ್ರೀ,

ಅತ್ತೆ ಕ್ಷೇಮವಾಗಿದ್ದಾರೆ, ಗಾಬರಿಯಾಗಬೇಡ. ಅವರು ಪಕ್ಕದಲ್ಲೇ ಇರುವುದರಿಂದ ಫೋನ್ ಮಾಡದೆ ಬರೆಯುತ್ತಿದ್ದೇನೆ.

ನಿಮ್ಮಣ್ಣ ಗೋಡಂಬಿ ಲೋಡಿನ ಜೊತೆ ಬಂದರಿಗೆ ಹೋಗಿದ್ದಾರೆ. ನಿನ್ನೆ ನಾನೇ ಅತ್ತೆಗೆ ಊರು ತೋರಿಸಲು ಹೊರಟೆ. ಮರ ಕೆತ್ತುವ ಸೆನುಫೊ ಜನರ ಕೇರಿಯಲ್ಲಿ ಒಂದು ಮುಖವಾಡ ನೋಡಿ ತಿರುಗಿದರೆ ಅತ್ತೆ ಇಲ್ಲ. ನಮ್ಮ ದುದ್ದದ ಸಂತೆಯಲ್ಲೇ ನನ್ನ ಕೈ ಬಿಡದವರು, ಕನ್ನಡ ಬಿಟ್ಟು ಬೇರೇನೂ ಬಾರದವರು. ಅವರ ಫೋಟೊ ತೋರಿಸುತ್ತ ಓಣಿ ಓಣಿ ಓಡಿದೆ.

ಕೊನೆಗೆ ನೇಕಾರರ ಮನೆಯಂಗಳದಲ್ಲಿ ಸಿಕ್ಕರು. ಅಲ್ಲಿನ ಮುದುಕಿಯೊಬ್ಬಳ ಪಕ್ಕ ಕೂತು ಹತ್ತಿ ಬಿಡಿಸುತ್ತಿದ್ದರು. ನಾನು ಅಳುತ್ತ ಕೈ ಹಿಡಿದರೆ ಸುಮ್ಮನೆ ನಕ್ಕರು.

ಟ್ಯಾಕ್ಸಿಯಲ್ಲಿ ಮೆಲ್ಲಗೆ ಕೇಳಿದರು: "ನೀನೂ ನಮ್ ಕಡೆಯೋಳೇನವ್ವಾ? ನಮ್ ಸೊಸೆ ರೂಪನೂ ಇದೇ ಊರಲ್ಲವ್ಳೆ. ಒಸಿ ಅಲ್ಲಿಗ್ ಬುಟ್ಬುಡು, ಕಾಯ್ತಿರ್ತಾಳೆ."

"ಆಯ್ತು ಕಣವ್ವಾ, ಬಿಡ್ತೀನಿ" ಅಂದೆ.

ಮನೆಗೆ ಬಂದು ಕಾಫಿ ಕುಡಿದ ಮೇಲೆ ಗುರುತು ಹಿಡಿದರು. ಈಗ ಚೆನ್ನಾಗಿದ್ದಾರೆ. ಆದರೂ ಬಾಗಿಲಿಗೆ ಬೀಗ ಹಾಕಿಕೊಂಡೇ ಕೂತಿದ್ದೇನೆ.

ನೀನು ಅರಕಲಗೂಡಿನಿಂದ ಹಾಸನಕ್ಕೆ ಹೋಗಿ ಒಳ್ಳೆಯ ನರರೋಗದ ಡಾಕ್ಟರನ್ನು ವಿಚಾರಿಸು, ಬೇಗ ಕರೆತರುತ್ತೇವೆ. ಅತ್ತೆ ತಪ್ಪಿಸಿಕೊಂಡಿದ್ದನ್ನು ನಿಮ್ಮಣ್ಣನಿಗೆ ಹೇಳಿದ್ದೇನೆ. ಟ್ಯಾಕ್ಸಿಯ ಮಾತನ್ನು ಮಾತ್ರ ನೀನೇ ಹೇಳು. ನನ್ನಿಂದಾಗುತ್ತಿಲ್ಲ.

ನಿನ್ನ ಅತ್ತಿಗೆ,
ರೂಪಶ್ರೀ