ಜೇಬಿಗೆ ಹಾಕಿಕೊಂಡ ಚೀಟಿ

ಕಾಲೇಜಿನ ಆರೋಗ್ಯ ಕೇಂದ್ರ,
ಮಾರ್ಚ್ ೧೨, ಮಧ್ಯಾಹ್ನ

ಪ್ರೀತಿಯ ಗುಂಡಣ್ಣಾ,

ಹಾಸ್ಟೆಲಿನ ಊಟ ಒಗ್ಗಿತೇ? ಕೆಮ್ಮು ನಿಂತಿತೇ? ನಾವಿಬ್ಬರೂ ಚೆನ್ನಾಗಿದ್ದೇವೆ. ಅಮ್ಮನ ಮಂಡಿನೋವು ಹಾಗೇ ಇದೆ, ನನ್ನ ಬಾಯಿಯೂ ಹಾಗೇ ಇದೆ. ಎರಡಕ್ಕೂ ಮದ್ದಿಲ್ಲ ಎನ್ನುತ್ತಾಳೆ.

ಇವತ್ತು ಮೊದಲ ವರ್ಷದ ವಿದ್ಯಾರ್ಥಿಗಳಿಗೆ ಲೈಂಗಿಕ ಸೋಂಕುಗಳ ಬಗ್ಗೆ ನನ್ನ ಪಾಠವಿತ್ತು. ಅದೇ ಸಭಾಂಗಣ, ಚೀಟಿ ಹಾಕಲು ಅದೇ ಹಳೇ ಶೂ ಡಬ್ಬಿ. ಹೆಸರು ಬರೆಯಬೇಡಿ, ಏನು ಬೇಕಾದರೂ ಕೇಳಿ ಎಂದು ಇಪ್ಪತ್ತು ವರ್ಷದಿಂದ ಹೇಳುತ್ತಾ ಬಂದಿದ್ದೇನೆ. ಕಾಂಡೋಮ್ ಎನ್ನುವಾಗ ನಾಲಿಗೆ ತಡವರಿಸುವುದಿಲ್ಲ ಎಂಬ ಜಂಬ ಬೇರೆ. ಹೋದ ವರ್ಷ ನೀನು ಮೂರನೇ ಸಾಲಿನಲ್ಲಿ ಕೂತಿದ್ದೆ. ಅವತ್ತು ಕೊನೆಯ ಚೀಟಿ ಬಿಚ್ಚಿದರೆ, "ಒಂದೇ ಒಂದ್ಸಲ ಆಗಿದ್ರೂ ಟೆಸ್ಟ್ ಮಾಡಿಸ್ಬೇಕಾ? ಮೈಯಲ್ಲಿ ಏನೂ ಕಾಣಿಸ್ತಿಲ್ಲ" ಎಂದಿತ್ತು. ಪ್ರಶ್ನೆಯ ಗುರುತಿನ ಕೆಳಗೆ ಚುಕ್ಕಿಯ ಬದಲು ಪುಟ್ಟ ಸೊನ್ನೆ. ನಿನ್ನ ಒಂದನೇ ಕ್ಲಾಸಿನಿಂದ ನಾನು ತಿದ್ದಿ ತಿದ್ದಿ ಸೋತ ಸೊನ್ನೆ ಅದು. "ಇದು ಖಾಲಿ ಚೀಟಿ, ಯಾರೋ ಕಾಗದ ದಂಡ ಮಾಡಿದ್ದಾರೆ" ಎಂದು ನಗಿಸಿ ಜೇಬಿಗೆ ಹಾಕಿಕೊಂಡೆ. ಎಲ್ಲರೂ ನಕ್ಕರು. ನೀನು ತಲೆ ತಗ್ಗಿಸಿದೆ.

ಉತ್ತರವನ್ನು ನಿನಗೆ ಮನೆಯಲ್ಲಿ ಹೇಳಿದರಾಯಿತು ಎಂದುಕೊಂಡೆ. ಊಟಕ್ಕೆ ಎದುರೆದುರು ಕೂತಾಗಲೆಲ್ಲ ನಿನ್ನ ಹಾಜರಾತಿ, ತಲೆಗೂದಲು, ಸೈಕಲ್ಲಿನ ಬ್ರೇಕು ಎಂದು ಏನೇನೋ ಮಾತಾಡಿದೆ. ಅಷ್ಟರಲ್ಲಿ ನೀನು ಕಾಲೇಜು ಬದಲಿಸಿ ದೂರ ಹೋದೆ. ನಿನ್ನ ಮೇಲೆ ನನಗೆ ಸಿಟ್ಟಿರಲಿಲ್ಲ ಮಗನೇ. ಹೆದರಿದ್ದೆ, ನಾಚಿಕೆಯೂ ಆಗಿತ್ತು. ಇವತ್ತು ಹೆಚ್ಚುಕಡಿಮೆ ಅದೇ ಪ್ರಶ್ನೆ ಇನ್ಯಾರದೋ ಅಕ್ಷರದಲ್ಲಿ ಬಂತು. ಅರ್ಧ ನಿಮಿಷದಲ್ಲಿ ಉತ್ತರ ಹೇಳಿದೆ. ಆಮೇಲೆ ಯಾಕೋ ಅಲ್ಲಿ ನಿಲ್ಲಲಾಗಲಿಲ್ಲ, ಬಂದು ಈ ಕಾಗದ ಹಿಡಿದು ಕೂತಿದ್ದೇನೆ.

ಅಮ್ಮನಿಗೆ ಏನೂ ಹೇಳಿಲ್ಲ, ಅದು ನಿನಗೆ ಬಿಟ್ಟದ್ದು. ಹೊತ್ತಿಗೆ ಸರಿಯಾಗಿ ಉಣ್ಣು, ಚೆನ್ನಾಗಿರು.

ನಿನ್ನ ಅಪ್ಪ

ಮರೆತಿದ್ದೆ: ಹೌದು, ಒಂದೇ ಒಂದು ಸಲ ಆಗಿದ್ದರೂ ಟೆಸ್ಟ್ ಮಾಡಿಸಬೇಕು. ಎಷ್ಟೋ ಸೋಂಕುಗಳು ಏನೂ ತೋರಿಸದೆ ಒಳಗೇ ಇರುತ್ತವೆ, ಇನ್ನೊಬ್ಬರಿಗೂ ದಾಟುತ್ತವೆ. ಬೇಗ ಗೊತ್ತಾದರೆ ಕೆಲವು ಪೂರ್ತಿ ವಾಸಿಯಾಗುತ್ತವೆ, ಉಳಿದವನ್ನು ಔಷಧಿಯಿಂದ ಹತೋಟಿಯಲ್ಲಿಡಬಹುದು. ಆ ಇನ್ನೊಬ್ಬರಿಗೂ ಹೇಳು, ಅವರೂ ಮಾಡಿಸಲಿ. ನಿನ್ನ ಚೀಟಿಯನ್ನು ಇದರ ಜೊತೆ ಇಟ್ಟಿದ್ದೇನೆ. ಮಾಡಿಸಿದ್ದೀಯೋ ಇಲ್ಲವೋ, ಅದರ ಹಿಂದೆ ಬರೆದು ಕಳಿಸು. ಇಲ್ಲವೆಂದರೆ ನಾನೇ ಬರುತ್ತೇನೆ, ಇಬ್ಬರೂ ಹೋಗೋಣ. ಹೆಸರು ಬರೆಯಬೇಕಿಲ್ಲ.