ಓಡುವ ಕಳ್ಳ ಎತ್ತಿದ ಬೆರಳು

ಮಾರ್ಚ್ 4, ಮಂಗಳವಾರ. ಬೆಳಿಗ್ಗೆ 7

ಎಂದಿನಂತೆ ಶಾಲೆಯ ಹಾಲ್‌ಗೆ ಹೋಗಿ ಅಭಿಪ್ರಾಯದ ಡಬ್ಬಿ ತಂದೆ. ನಮ್ಮ ಸಿನಿಮಾದ ಮೂರನೇ ಪ್ರದರ್ಶನದ ಚೀಟಿಗಳು — ನಲವತ್ತೊಂದು. ಟೀ ಮಾಡಿಕೊಂಡು, ಕನ್ನಡಕ ಒರೆಸಿ, ಹೈಕೋರ್ಟ್ ನ್ಯಾಯಾಧೀಶನ ಗಾಂಭೀರ್ಯದಲ್ಲಿ ಕೂತೆ. ಓದಿ, ತಂಗಿ ಆರ್ಲೀನಳ ನೋಟ್‌ಬುಕ್ಕಿಗೆ ನಕಲು ಮಾಡುವುದು ನನ್ನ ಪಾಲಿನ ಕೆಲಸ. ಅವಳು ನಿರ್ದೇಶಕಿ, ನಾನು ನಾಯಕ. ಅಂದರೆ ಕಳ್ಳ. ಸಹಕಾರಿ ಅಂಗಡಿಯ ನಲವತ್ತು ಸಾವಿರ ಡಾಲರ್ ಕದ್ದು, ಮುಂದಿನ ವಿಮಾನ ಬರುವತನಕ ಎಂಟು ಕಿಲೋಮೀಟರ್ ಉದ್ದದ ನಾರ್ಫೋಕ್ ದ್ವೀಪದಲ್ಲಿ ಅಡಗಿರಬೇಕಾದ ದುರ್ದೈವಿ. (ನೋಟುಗಳು ಉಡುಗೊರೆ ಸುತ್ತುವ ಕಾಗದದವು. ದೂರದಿಂದ ತೋರಿಸಿದ್ದೇವೆ. ಬಹಳ ದೂರದಿಂದ.)

ಜನ ಹೊಗಳಿದ್ದಾರೆ. ಅವರವರ ರೀತಿಯಲ್ಲಿ.

‘ಲಂಗರು ಓಡಿದ್ದನ್ನು ಜೀವನದಲ್ಲಿ ಮೊದಲ ಸಲ ನೋಡಿದೆ. ಟಿಕೆಟ್ ದುಡ್ಡು ವಸೂಲಾಯಿತು.’ — ಲಂಗರು ನಾನೇ. ಇಲ್ಲಿ ಫೋನ್ ಪುಸ್ತಕದಲ್ಲೂ ಅಡ್ಡಹೆಸರೇ ಇರುವುದು.

‘ಕ್ಯಾಸ್ಕೇಡ್ ದಾರಿಯಲ್ಲಿ ಎಡಕ್ಕೆ ತಿರುಗಿದವನು ಆನ್ಸನ್ ಬೇಯಲ್ಲಿ ಹೇಗೆ ಪ್ರತ್ಯಕ್ಷನಾದ? ಉಳಿದಂತೆ ಅದ್ಭುತ.’

‘ಹೆದರಿ ಪಕ್ಕದವಳ ಕೈ ಹಿಡಿದೆ. ನನ್ನ ಹೆಂಡತಿ ಇನ್ನೊಂದು ಪಕ್ಕದಲ್ಲಿದ್ದಳು.’

‘ಎರಡನೇ ಹಸು ನಮ್ಮದು. ಕೊನೆಯಲ್ಲಿ ಹೆಸರು ಹಾಕಿಲ್ಲ.’

ಚಿತ್ರ ಈಗಾಗಲೇ ಬ್ರಿಸ್ಬೇನಿನ ಒಂದು ಪುಟ್ಟ ಚಿತ್ರೋತ್ಸವಕ್ಕೆ ಹೋಗಿದೆ. ಆರಿಸಿದರೆ ಕೊಳ್ಳುವವರು ಬರುತ್ತಾರೆ. ಆರಿಸದಿದ್ದರೆ... ಆರ್ಲೀನ್ ತನ್ನ ದೋಣಿ ಮಾರಿ ತೆಗೆದ ಚಿತ್ರ ಇದು. ಹತ್ತೊಂಬತ್ತು ವರ್ಷ ಮೀನು ಹಿಡಿದ ದೋಣಿ. ಈಗ ಬೇರೆಯವರ ದೋಣಿಗೆ ಕೂಲಿಗೆ ಹೋಗುತ್ತಾಳೆ. ಆ ಮಾತು ಅವಳೂ ಎತ್ತುವುದಿಲ್ಲ, ನಾನೂ ಎತ್ತುವುದಿಲ್ಲ.

ಮಾರ್ಚ್ 6

ಮಳೆ. ದಾರಿಗೆ ಅಡ್ಡ ಹಸುಗಳು. ಅವು ಏಳುವತನಕ ಕಾದೆ. ಬ್ರಿಸ್ಬೇನಿನಿಂದ ಸುದ್ದಿಯಿಲ್ಲ.

ಮಾರ್ಚ್ 9, ಭಾನುವಾರ. ಬೆಳಿಗ್ಗೆ

ನಿನ್ನೆಯ ಪ್ರದರ್ಶನಕ್ಕೆ ಮೊದಲ ಬಾರಿ ಪ್ರವಾಸಿಗಳು ಬಂದಿದ್ದರು. ಸುಮಾರು ಇಪ್ಪತ್ತು ಜನ. ಅವರ ಚೀಟಿಗಳೇ ಬೇರೆ ಥರ.

‘ಪೊಲೀಸರು ಬೆನ್ನಟ್ಟಿದ್ದರೂ ಎದುರು ಬಂದ ಪ್ರತಿ ಕಾರಿಗೂ ತಣ್ಣಗೆ ಬೆರಳೆತ್ತುವ ಆ ಕಳ್ಳ... ಮೈ ಜುಮ್ಮೆಂದಿತು. ಇಂಥ ನಿರ್ಭಾವ ನಟನೆ ನೋಡಿ ವರ್ಷಗಳಾದವು.’

ಯಾವ ಬೆರಳು?

ಇನ್ನೂ ಏಳೆಂಟು ಚೀಟಿಗಳಲ್ಲಿ ಅದೇ ಬೆರಳು. ಸಂಶಯ ಬಂತು. ಚಿತ್ರ ಹಾಕಿಕೊಂಡು ನೋಡಿದೆ. ಹನ್ನೊಂದು ಸಲ ಆ ಬೆರಳು! ಪ್ರಾಣ ಕೈಯಲ್ಲಿ ಹಿಡಿದು ಕಾರು ಓಡಿಸುತ್ತಿದ್ದೇನೆ. ಎದುರು ಯಾರೋ ಬಂದರೆ ಸ್ಟೀರಿಂಗಿನ ಮೇಲಿಂದ ಬೆರಳು ಏಳುತ್ತದೆ. ನನ್ನನ್ನು ಕೇಳದೆ. ಎದುರು ಬಂದವರಿಗೆ ನಮಸ್ಕಾರವೆಂದು ಕೈಯೋ ಬೆರಳೋ ಎತ್ತದ ಡ್ರೈವರ್ ಈ ದ್ವೀಪದಲ್ಲಿ ಒಂದೋ ಪ್ರವಾಸಿ, ಇಲ್ಲವೇ ಆಸ್ಪತ್ರೆಗೆ ಹೋಗುತ್ತಿರುವವನು.

ಘನಘೋರವಾದದ್ದು ತಿರುವಿನಲ್ಲಿದೆ. ಪೊಲೀಸಿನವಳಾಗಿ ನಟಿಸಿದ ಬೇಕರಿಯ ವಾಲ್ಡಾ ಸೈರನ್ ಹಾಕಿಕೊಂಡು ಎದುರಾಗುತ್ತಾಳೆ. ನಾನು ಬೆರಳೆತ್ತುತ್ತೇನೆ. ಅವಳೂ ಎತ್ತುತ್ತಾಳೆ. ಆಮೇಲೆ ಕಾರು ತಿರುಗಿಸಿಕೊಂಡು ನನ್ನ ಬೆನ್ನು ಹತ್ತುತ್ತಾಳೆ.

ಮಾರ್ಚ್ 10

ಆರ್ಲೀನಳಿಗೆ ಹೇಳಿದೆ. ಮೂರು ಸಲ ನೋಡಿದಳು. ಎದ್ದು ಹೊರಗೆ ಹೋಗಿ, ತೊಳೆದಿದ್ದ ಮೀನಿನ ಚಾಕುವನ್ನು ಮತ್ತೆ ತೊಳೆದಳು.

“ಇಡೀ ಊರು ನೋಡ್ತು. ಒಬ್ರೂ ಹೇಳ್ಲಿಲ್ಲ.”

“ಹೇಳೋಕೆ ಏನಿತ್ತು? ಎತ್ತದೆ ಹೋಗಿದ್ರೆ ಹೇಳ್ತಿದ್ರು.”

ಮಾರ್ಚ್ 14, ಶುಕ್ರವಾರ

ಬ್ರಿಸ್ಬೇನಿನಿಂದ ಮೇಲ್! ಕೊನೆಯ ಸುತ್ತಿಗೆ ಬಂದಿದ್ದೇವೆ. ಅಷ್ಟೇ ಅಲ್ಲ... ಉತ್ತಮ ನಟರ ಪಟ್ಟಿಯಲ್ಲಿ ಈ ದಿನಚರಿಯ ಲೇಖಕರೂ ಇದ್ದಾರೆ. ಆ ಸಾಲನ್ನು ಕ್ಯಾಲೆಂಡರಿನ ಹಿಂದೆಯೂ ಬರೆದಿಟ್ಟೆ, ಮೇಲ್ ಕಳೆದುಹೋದರೆ ಇರಲಿ ಎಂದು.

ಜೊತೆಗೊಂದು ಪ್ರಶ್ನೆ. ಆಯ್ಕೆ ಸಮಿತಿಯ ಇಮೋಜೆನ್ ಎಂಬಾಕೆ ಕೇಳಿದ್ದಾಳೆ: ಆ ಬೆರಳೆತ್ತುವ ಯೋಚನೆ ಯಾರದು, ಚಿತ್ರಕಥೆಯಲ್ಲೇ ಇತ್ತೇ? ಇಪ್ಪತ್ನಾಲ್ಕನೇ ತಾರೀಖಿನೊಳಗೆ ಉತ್ತರ ಬೇಕು.

ನಿಜ ಹೇಳಿದರೆ, ತಾವು ತೆಗೆದದ್ದೇನೆಂದು ತಮಗೇ ಗೊತ್ತಿಲ್ಲದ ದ್ವೀಪದವರು ಎಂದು ನಗುತ್ತಾರೆ, ದೋಣಿಯ ದುಡ್ಡು ಹೋದಂತೆಯೇ ಎಂದಳು ಆರ್ಲೀನ್. ದೀರ್ಘ ಚಿಂತನೆಯ ಬಳಿಕ ನಾನೇ ರೂಪಿಸಿದ ಭಂಗಿ ಎಂದು ಬರೆಯಬಹುದಲ್ಲ ಎಂದು ಕಲೆಯ ಹಿತದೃಷ್ಟಿಯಿಂದ ಸೂಚಿಸಿದೆ. ನನ್ನನ್ನು ನೋಡಿದಳು. ಹಳಸಿದ ಮೀನನ್ನು ನೋಡುವ ಹಾಗೆ.

“ಅಣ್ಣಾ,” ಎಂದಳು ಆಮೇಲೆ. ಅವಳು ಅಣ್ಣಾ ಎಂದರೆ ಕೆಲಸವಿದೆ ಎಂದರ್ಥ. ಬೆಳಗಿನ ಹೊತ್ತು ಆ ದೃಶ್ಯ ಮತ್ತೆ ತೆಗೆಯಬೇಕಂತೆ. ಬೆರಳಿಲ್ಲದೆ. ಮೊದಲು ಕಳಿಸಿದ್ದು ಕರಡು ಎಂದುಬಿಡುವುದಂತೆ.

ಮಾರ್ಚ್ 16, ಭಾನುವಾರ. ಮಧ್ಯಾಹ್ನ

ಹನ್ನೊಂದು ಕಾರಿನವರಿಗೂ ಹೇಳಿದ್ದಾಯಿತು, ಕೈ ಎತ್ತಬೇಡಿ ಎಂದು. ಮೊದಲ ಸಲ ಎಂಟು ಜನ ಎತ್ತಿದರು. ಎರಡನೇ ಸಲ ನಾನು. ಮೂರನೇ ಸಲಕ್ಕೆ ಆರ್ಲೀನ್ ನನ್ನ ಬೆರಳುಗಳನ್ನು ಗಾಳದ ದಾರದಿಂದ ಸ್ಟೀರಿಂಗಿಗೆ ಕಟ್ಟಿದಳು. ಆಗಲೇ ನಮ್ಮೂರಿನ ಆಂಟಿ ಫಿಲ್ ಕಾರಿನಲ್ಲಿ ಮೊಟ್ಟೆ ಬುಟ್ಟಿ ಇಟ್ಟುಕೊಂಡು ಎದುರು ಬಂದರು. ಅವರಿಗೆ ಶೂಟಿಂಗ್ ವಿಷಯವೇ ಗೊತ್ತಿಲ್ಲ. ಕೈ ಎತ್ತಿದರು. ನಾನು ಸುಮ್ಮನೆ ದಾಟಿ ಹೋದೆ.

ಮಾರ್ಚ್ 17

ಬೆಳಿಗ್ಗೆಯಿಂದ ಫೋನು. ಲಂಗರಿಗೆ ಆಂಟಿ ಫಿಲ್ ಮೇಲೆ ಏನು ಕೋಪ? ಜಮೀನಿನ ಜಗಳವೇ? ಹನ್ನೊಂದಕ್ಕೆ ಆಂಟಿಯೇ ಬಂದರು. ಕೈಯಲ್ಲಿ ಬಿಸಿ ಪಿಲ್ಹಿ — ಬಾಳೆಹಣ್ಣು ತುರಿದು ಬೇಯಿಸಿದ ತಿಂಡಿ, ನನಗಿಷ್ಟವಾದದ್ದು.

“ನಾನೇನು ತಪ್ಪು ಮಾಡ್ದೆ ಹೇಳಪ್ಪ. ರಾತ್ರಿಯೆಲ್ಲ ಯೋಚಿಸ್ದೆ, ನೆನಪಾಗ್ಲಿಲ್ಲ.”

ಎಂಬತ್ತೆರಡು ವರ್ಷದ ಹೆಂಗಸು. ಬಾಗಿಲಲ್ಲೇ ನಿಂತಿದ್ದರು. ಒಳಗೆ ಕರೆದು, ಗಾಳದ ದಾರದ ಗುರುತು ತೋರಿಸಿ, ಎಲ್ಲ ವಿವರಿಸಿದೆ. ನಂಬಿದರು. ಅದಕ್ಕೂ ಮೊದಲು ನನ್ನ ಬಾಯಿಂದ ಎರಡು ಸಲ ಕ್ಷಮೆ ಕೇಳಿಸಿದರು.

ಆರ್ಲೀನ್ ಮೂಲೆಯಲ್ಲಿ ಕೂತು ಎಲ್ಲ ಕೇಳಿಸಿಕೊಂಡಳು. ಪಿಲ್ಹಿ ಮುಟ್ಟಲಿಲ್ಲ.

ಮಾರ್ಚ್ 23, ಭಾನುವಾರ

ಐದು ದಿನ ಬರೆಯಲಿಲ್ಲ. ಪಟ್ಟಿಯಲ್ಲಿರುವ ನಟನಿಗೆ ಬರೆಯಲು ಮನಸ್ಸಿರಲಿಲ್ಲ.

ಇವತ್ತು ಇಬ್ಬರೂ ಕೂತು ಹೊಸ ದೃಶ್ಯ ನೋಡಿದೆವು. ನಾನು ಹಲ್ಲುನೋವಿನವನಂತೆ ಕಾಣುತ್ತೇನೆ. ಎದುರು ಬರುವವರೆಲ್ಲ ಶವಯಾತ್ರೆಗೆ ಹೊರಟವರಂತೆ. ಊರು ನಮ್ಮದಲ್ಲ, ಯಾವುದೋ ಬೇರೆ.

“ಕದ್ದಿದಾನೆ, ಸರಿ,” ಎಂದಳು ಆರ್ಲೀನ್. “ಆದ್ರೆ ಇಲ್ಲಿಯವನೇ ತಾನೆ.”

ಹೊಸದನ್ನು ಅಳಿಸಿದಳು. ಇಮೋಜೆನ್‌ಗೆ ಉತ್ತರ ಟೈಪ್ ಮಾಡಿ ನನ್ನತ್ತ ತಿರುಗಿಸಿದಳು: ‘ಯಾರೂ ಬರೆದದ್ದಲ್ಲ. ಗೊತ್ತಾದದ್ದು ನಾಲ್ಕನೇ ಪ್ರದರ್ಶನದ ನಂತರ. ನನ್ನ ಅಣ್ಣ ನಟಿಸುತ್ತಿರಲಿಲ್ಲ. ಒಮ್ಮೆ ತೆಗೆದುಹಾಕಲು ನೋಡಿದೆ, ಸುಳ್ಳಾಯಿತು. ಇರುವಂತೆಯೇ ಇರಲಿ.’

“ಕಳಿಸ್ಲಾ? ನಿನ್ನ ಹೆಸ್ರು ಪಟ್ಟೀಲಿದೆ.”

ಮೂರನೇ ವಾಕ್ಯ ಅನಗತ್ಯವಲ್ಲವೇ ಎಂದು ಕೇಳಬೇಕೆನಿಸಿತು. ದೋಣಿ ಅವಳದು. ಕಳಿಸು ಎಂದೆ.

ಮಾರ್ಚ್ 28, ಶುಕ್ರವಾರ. ಬೆಳಿಗ್ಗೆ 11.20

ಮೇಲ್ ಬಂತು. ತಾನು ನೋಡುವುದಿಲ್ಲ, ನೀನೇ ಓದು ಎಂದಳು.

ಓದಿದೆ. ಆಯ್ಕೆಯಾಗಿದೆ. ಮೊದಲ ದಿನದ ಚಿತ್ರವೇ ನಮ್ಮದು. ಅವಳ ಉತ್ತರವನ್ನು ಸಮಿತಿಯಲ್ಲಿ ಗಟ್ಟಿಯಾಗಿ ಓದಿದರಂತೆ. ಒಂದು ಕಂಪನಿಯವರು ಚಿತ್ರ ಕೊಳ್ಳುವ ಮಾತಾಡಲು ಕಾದಿದ್ದಾರಂತೆ. ಉತ್ತಮ ನಿರ್ದೇಶಕರ ಪಟ್ಟಿಗೆ ಆರ್ಲೀನಳ ಹೆಸರು ಸೇರಿದೆ; ಕತ್ತರಿಸಬಹುದಾಗಿದ್ದನ್ನು ಕತ್ತರಿಸದೆ ಉಳಿಸಿದ್ದಕ್ಕಾಗಿ. ನಟರ ಪಟ್ಟಿಯಿಂದ ಒಂದು ಹೆಸರು ಹೋಗಿದೆ. ‘ಅದು ನಟನೆಯಲ್ಲವೆಂದು ನಿರ್ದೇಶಕಿಯೇ ಲಿಖಿತವಾಗಿ ತಿಳಿಸಿರುವ ಕಾರಣ.’

ತನ್ನ ಹೆಸರಿದ್ದ ಸಾಲನ್ನು ಇನ್ನೊಮ್ಮೆ ಓದಿಸಿದಳು. ಮತ್ತೊಮ್ಮೆ. ಮೀನಿನ ವಾಸನೆಯ ತೋಳಿನಿಂದ ಕಣ್ಣೊರೆಸಿಕೊಂಡಳು.

“ನಿಂಗೆ ಬೇಜಾರಾಯ್ತಾ?”

ಛೆ, ಎಂಥದೂ ಇಲ್ಲ ಎಂದೆ. ನಕ್ಕೆ. ಹೆಗಲು ಕುಣಿಸಿದೆ. ಈ ವರ್ಷ ನಾನು ಮಾಡಿದ ಮೊದಲ ನಟನೆ ಅದು, ಒಂದೇ ಟೇಕ್‌ನಲ್ಲಿ. ಆರ್ಲೀನ್ ನಂಬಿದಳು. ಅಥವಾ ಅವಳೂ ನಂಬಿದ ಹಾಗೆ ನಟಿಸಿದಳು.