ಇಪ್ಪತ್ತಮೂರನೆಯ ಸಾಲು

ಆಗಸ್ಟ್ 20, 1912. ಮಂಗಳವಾರ

ಇಸ್ತ್ರಿ ಮುಗಿಯಿತು. ಅಂಗಿಗೆ ಗಂಜಿ ಹಾಕಲು ನಾನು. ಅದನ್ನು ತೊಟ್ಟು ನನ್ನ ಗಂಡ ಹೈರಮ್ ಗಾಡಿಯಲ್ಲಿ ಕೂರಿಸಿಕೊಂಡು ಹೋದದ್ದು ಆ ಲಿಯೋಟಳನ್ನು! ಶಾಲೆಯ ಟೀಚರ್, ವಿಧವೆ, ಟೋಪಿಗೆ ಹಳದಿ ರಿಬ್ಬನ್. ಹೆಂಗಸರಿಗೂ ಓಟು ಬೇಕೆಂದು ಊರೂರಲ್ಲಿ ಭಾಷಣ. ಬೇಡ ಅಂದವರು ಯಾರು? ನನಗೂ ಬೇಕು. ಆದರೆ ಕುಲುಮೆ ಬಿಟ್ಟು ನನ್ನ ಗಂಡನೇ ಗಾಡಿ ಹೊಡೆಯಬೇಕೇ?

ಆಗಸ್ಟ್ 27

ಇವರು ಊಟಕ್ಕೆ ಕೂತವರೇ, "ಏನ್ ಮಾತಾಡ್ತಾಳೆ ಕಣೇ ಆಕೆ! ಕೇಳ್ತಾ ಇದ್ರೆ ಹಸಿವೇ ಆಗಲ್ಲ."

"ಹಂಗಾದ್ರೆ ಈ ಆಲೂಗಡ್ಡೆ ಹಂದಿಗೆ ಹಾಕ್ಲಾ?" ಅಂದೆ.

ನಕ್ಕರು. ಮೈಯೆಲ್ಲ ಉರಿಯಿತು. ಹೌದು, ಹೊಟ್ಟೆಕಿಚ್ಚೇ. ಇಲ್ಲಿ ಯಾರು ಓದುತ್ತಾರೆ?

ಸೆಪ್ಟೆಂಬರ್ 2. ಮಧ್ಯಾಹ್ನ

ನಾಳೆ ಮತದಾನ. ನಮ್ಮ ಒಹಾಯೋ ರಾಜ್ಯದ ಸಂವಿಧಾನಕ್ಕೆ ನಲವತ್ತೆರಡು ತಿದ್ದುಪಡಿ. ಒಂದೊಂದಕ್ಕೂ ಹೌದು, ಇಲ್ಲ. ಗಂಡಸರೆಲ್ಲ ಕಂಗಾಲು, ನೆನಪಿಗೆ ಚೀಟಿ ಒಯ್ಯುತ್ತಾರಂತೆ. ಇವರಿಗೋ ಓದು ಅಷ್ಟಕ್ಕಷ್ಟೇ.

"ನೀನೇ ಪೇಪರ್ ನೋಡಿ ಬರ್ಕೊಡೇ. ಹಂಗೇ ಗುರುತು ಹಾಕಿ ಬರ್ತೀನಿ."

ಬರೆಯುತ್ತಾ ಹೋದೆ. ಇಪ್ಪತ್ತಮೂರು — ಹೆಂಗಸರ ಓಟು. ಅಷ್ಟರಲ್ಲಿ ಗೇಟಿನ ಬಳಿ ಅವಳ ದನಿ, ಇವರ ನಗು... 'ಇಲ್ಲ' ಎಂದು ಬರೆದೆ. ಹಾಳಾಗಿ ಹೋಗಲಿ ಅವಳ ಭಾಷಣ.

ಸೆಪ್ಟೆಂಬರ್ 3

ಬೀಗುತ್ತಾ ಬಂದರು.

"ನಿನ್ ಚೀಟಿ ಹಂಗೇ ಇಳಿಸ್ಬಿಟ್ಟೆ ಕಣೇ. ಇಪ್ಪತ್ತಮೂರಕ್ಕೆ ಹೌದು ಹಾಕೋಣ ಅಂತಿದ್ದೆ. ಆರ್ಫಾ, ನಿನಗೇ ಬೇಡ ಅಂದ್ಮೇಲೆ ನನಗ್ಯಾಕೆ?"

ಒಲೆಯ ಕಡೆ ತಿರುಗಿಕೊಂಡೆ.

"ಸಾಲಲ್ಲಿ ನಿಂತೋರೆಲ್ಲ ಕೇಳಿದ್ರು. ನನ್ ಹೆಂಡ್ತಿ ಬರೆದದ್ದು ಅಂತ ತೋರಿಸ್ದೆ. ಹತ್ತೊಂಬತ್ತು ಜನ ನಕಲು ಮಾಡ್ಕೊಂಡ್ರು! ಹೆಂಗಸೇ ಬೇಡ ಅಂತಾಳೆ, ನಮ್ಗೇನು ಅಂದ್ರು."

ಸೆಪ್ಟೆಂಬರ್ 6

ಇಪ್ಪತ್ತಮೂರು ಬಿದ್ದುಹೋಯಿತು. ನಮ್ಮೂರಲ್ಲೂ, ರಾಜ್ಯದಲ್ಲೂ. ಇಡೀ ಒಹಾಯೋದಲ್ಲಿ ಇಪ್ಪತ್ತು ಓಟು ಹಾಕಿದ ಹೆಂಗಸು ನಾನೊಬ್ಬಳೇ ಇರಬೇಕು.

ಲಿಯೋಟ ಬಂದಿದ್ದಳು. ಕಣ್ಣು ಊದಿತ್ತು. ನನ್ನ ಕೈ ಹಿಡಿದುಕೊಂಡಳು.

"ಆರ್ಫಾ, ನಿಮ್ ಯಜಮಾನ್ರದು ದಾರಿಯುದ್ದಕ್ಕೂ ನಿಮ್ಮದೇ ಜಪ. ನನ್ ಹೆಂಡ್ತಿ ನನಗಿಂತ ಜಾಣೆ ಕಣಮ್ಮ, ಅವಳಿಗೆ ಓಟು ಸಿಗ್ಲಿ ಅಂತಲೇ ಗಾಡಿ ಹೊಡೀತಿದೀನಿ ಅಂತಿದ್ರು."

ಕಾಫಿ ಬಗ್ಗಿಸಿದೆ. ಚೀಟಿಯ ವಿಷಯ ಬಾಯಿಗೆ ಬರಲಿಲ್ಲ. ಪಾಪಿ ನಾನು. ಆದರೆ ಈಗಲೂ ಉರಿಯುತ್ತಿದೆ — ಆ ಮಾತನ್ನು ಅವಳಿಗೇಕೆ ಹೇಳಿದರು? ಒಂದೇ ಒಂದು ಸಲ ನನ್ನ ಹತ್ತಿರ ಹೇಳಿದ್ದರೆ, ನಾನು 'ಹೌದು' ಎಂದೇ ಬರೆಯುತ್ತಿದ್ದೆ.